ಕರೆಂಟ್ ಇಲ್ಲದ ದಿನ ಬಾವಿಗೆ ಇಳಿದವನು

ನಿಮಗೆ ಹೀಗಾಗಿದೆಯಾ, ಹೇಳಿ. ವಿಡಿಯೋ ನೋಡಿ ಮನೆಯಲ್ಲಿ ಏನೋ ಒಂದು ಮಾಡುತ್ತೀರಿ. ವಯರ್ ಜೋಡಿಸುತ್ತೀರಿ, ಮುಖ ಆಚೆ ತಿರುಗಿಸಿಕೊಂಡು ಸ್ವಿಚ್ ಹಾಕುತ್ತೀರಿ. ಅದು ಮೊದಲ ಸಲವೇ ಸರಿಯಾಗಿ ಕೆಲಸ ಮಾಡುತ್ತದೆ. ಆಗ ಖುಷಿಯ ಬದಲು ಹೆದರಿಕೆ ಆದದ್ದುಂಟಾ? ನನಗೆ ಆಗುತ್ತದೆ. ಮೊದಲು ಆಗುತ್ತಿರಲಿಲ್ಲ. ಈಗ ನಾನು ಮಾಡಿದ್ದು ಏನಾದರೂ ಹಾಳಾಗಿ ಕೂತರೆ ಬೈದುಕೊಂಡು ನೆಮ್ಮದಿಯಲ್ಲಿ ಇರುತ್ತೇನೆ. ಸರಿಯಾಗಿ ನಡೆದರೆ ನಿದ್ದೆ ಬರುವುದಿಲ್ಲ.

ಮೊನ್ನೆ ಬನ್ನಂಜೆಯಲ್ಲಿ ಆಫೀಸಿನಿಂದ ಇಳಿದು ಸ್ಕೂಟರ್ ತೆಗೆಯುವಾಗ ಪಕ್ಕದ ಮೊಬೈಲ್ ರಿಪೇರಿ ಅಂಗಡಿಯಿಂದ ಬೆಸುಗೆಯ ವಾಸನೆ ಬಂತು. ಸೋಲ್ಡರ್ ತಂತಿ ಕರಗುವಾಗ ಅದರೊಳಗಿನ ರಾಳ ಸುಟ್ಟು ಒಂದು ಹೊಗೆ ಏಳುತ್ತದಲ್ಲ, ಅದು. ಬೇರೆಯವರಿಗೆ ಅದು ಸುಟ್ಟ ವಾಸನೆ. ನನಗೆ ಒಂದು ಕಾಲದಲ್ಲಿ ಶಂಕರಪುರದ ಮಲ್ಲಿಗೆಗಿಂತ ಹೆಚ್ಚು ಇಷ್ಟವಾಗಿದ್ದ ವಾಸನೆ. ಮೊನ್ನೆ ಅದು ಮೂಗಿಗೆ ಬಡಿದ ಕೂಡಲೇ ನಾನು ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟೆ. ಕಿವಿಯಲ್ಲಿ ಪಕ್ಕದ ಮನೆಯ ಗ್ರೈಂಡರಿನ ಸದ್ದು. ಬನ್ನಂಜೆಯ ಆ ರಸ್ತೆಯಲ್ಲಿ ಗ್ರೈಂಡರೂ ಇಲ್ಲ, ಮನೆಯೂ ಇಲ್ಲ. ಅಂಗಡಿಯವನು ಹೊರಗೆ ಬಂದು, "ಎಂತ ಮೇಡಂ, ಪೆಟ್ರೋಲ್ ಖಾಲಿಯಾ?" ಎಂದ. ಹೌದು ಎಂದುಬಿಟ್ಟೆ. ಬಾವಿಯ ಕತೆಯನ್ನೆಲ್ಲ ರಸ್ತೆಯಲ್ಲಿ ನಿಂತು ಹೇಳಲಿಕ್ಕೆ ಆಗುತ್ತದಾ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನೀವು ಕೂತುಕೊಂಡಿದ್ದೀರಿ, ನಿಮಗೆ ಪುರುಸೊತ್ತು ಉಂಟು.

ನನ್ನನ್ನು ಇಲ್ಲಿ ಓದುವವರಿಗೆ ಗೊತ್ತು, ನಾನು ಒಂದು ತೆರಿಗೆ ಸಲಹೆಗಾರರ ಆಫೀಸಿನಲ್ಲಿ ಕೂತು ಬೇರೆಯವರ ಕಾಗದ ಓದುವವಳು. ಗಂಡ, ನಾನು ಪರ್ಕಳದಲ್ಲಿ ಬಾಡಿಗೆ ಮನೆ. ಈ ಬೋರ್ಡು-ವಯರಿನ ಹುಚ್ಚು ಹಿಡಿದದ್ದು ಒಂದು ಸಿಡಿಲಿನಿಂದ. ಸಿಡಿಲು ನನಗಲ್ಲ, ವಾಷಿಂಗ್ ಮೆಷಿನಿಗೆ ಬಡಿದದ್ದು. ರಿಪೇರಿಯವರು ಹಿಂದಿನ ಮುಚ್ಚಳ ತೆಗೆದು ಒಂದು ಸಲ ನೋಡಿ, "ಬೋರ್ಡ್ ಹೋಗಿದೆ, ಹೊಸತೇ ಹಾಕ್ಬೇಕು" ಎಂದು ಮುಚ್ಚಿದರು. ಬೋರ್ಡ್ ಎಂದರೆ ಎಂತ, ಅದು ಹೋಗುವುದು ಹೇಗೆ ಎಂದು ನಾನು ಮೊಬೈಲಿನಲ್ಲಿ ಹುಡುಕಲಿಕ್ಕೆ ಕೂತೆ. ಮೆಷಿನ್ ಸರಿಯಾಗಲಿಲ್ಲ. ಆದರೆ ನಾನು ಆ ಹೊಂಡದಿಂದ ಮೇಲೆ ಬರಲಿಲ್ಲ.

ಮೈಕ್ರೋಕಂಟ್ರೋಲರ್ ಎಂದರೆ ಹೆದರಬೇಡಿ. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಬೋರ್ಡಿನ ಮೇಲೆ ಕೂತ ಒಂದು ಕರಿ ಚಿಪ್. ನೀವು ಬರೆದುಕೊಟ್ಟ ಕೆಲವು ಸಾಲುಗಳನ್ನು ಅದು ಬಿಡದೆ ಓದುತ್ತಾ ಇರುತ್ತದೆ. ಕತ್ತಲಾದರೆ ದೀಪ ಹಾಕು. ಮಣ್ಣು ಒಣಗಿದರೆ ನೀರು ಬಿಡು. ಅದಕ್ಕೆ ಬೇಸರವಿಲ್ಲ, ಮರೆವಿಲ್ಲ, ಕಣ್ಣೂ ಇಲ್ಲ. ಮಣಿಪಾಲದಲ್ಲಿ ಕಾಲೇಜು ಮುಗಿಸಿ ಊರಿಗೆ ಹೋಗುವ ಮಕ್ಕಳು ಮಂಚ, ಕುಕ್ಕರ್, ಸೈಕಲ್ ಜೊತೆಗೆ ಇಂಥ ಬೋರ್ಡುಗಳನ್ನೂ ಮಾರಿ ಹೋಗುತ್ತಾರೆ. ನಾನು ಹಾಗೆ ಒಬ್ಬಳಿಂದ ಒಂದು ಡಬ್ಬಿ ತುಂಬ ಸಾಮಾನು ತಂದೆ. ಅವಳು ಡಬ್ಬಿ ಕೊಡುವಾಗ, "ಆಂಟಿ, ಮಗನಿಗಾ?" ಎಂದು ಕೇಳಿದಳು. "ನನಗೇ ಮಾರಾಯ್ತಿ" ಎಂದೆ. ಅವಳು ಡಬ್ಬಿಯನ್ನು ಎರಡು ಕೈಯಲ್ಲಿ ಕೊಟ್ಟಳು.

ಮೊದಲ ಪ್ರಯೋಗ ಕಾರ್ಕಳದ ಅತ್ತೆ ಮನೆಯಲ್ಲಿ. ಕತ್ತಲಾಗುವಾಗ ತುಳಸಿ ಕಟ್ಟೆಯಲ್ಲಿ ತಾನಾಗಿ ಹೊತ್ತುವ ಪುಟ್ಟ ದೀಪ. ಹೊತ್ತಿತು. ಅತ್ತೆ ಅದನ್ನು ನೋಡಿದರು, ನನ್ನನ್ನು ನೋಡಿದರು. "ಚಂದ ಉಂಟು. ನನ್ನ ಕೈ ಎಂತ ಬಿದ್ದು ಹೋಗಿದೆಯಾ, ದೀಪ ಇಡ್ಲಿಕ್ಕೆ?" ಎಂದು ಹೇಳಿ, ಅದರ ಪಕ್ಕದಲ್ಲೇ ಎಣ್ಣೆ ದೀಪ ಇಟ್ಟರು. ನನ್ನ ದೀಪಕ್ಕೆ ಅವರ ದೀಪದ ಬೆಳಕು ತಾಗಿ, ಬೆಳಗಾಯಿತು ಎಂದುಕೊಂಡು ಅದು ಆರಿಹೋಯಿತು. ಅತ್ತೆ ಇವತ್ತಿಗೂ ಬಂದವರಿಗೆಲ್ಲ ಆ ಕತೆ ಹೇಳುತ್ತಾರೆ.

ಕಲಿಯುವುದೆಲ್ಲ ಆನ್‌ಲೈನಿನಲ್ಲಿ. ಅಲ್ಲಿ ಏನುಂಟು ಏನಿಲ್ಲ! ಬೋರ್ಡನ್ನೇ ಮುಟ್ಟದೆ ಪರದೆಯ ಮೇಲೆ ಸರ್ಕಿಟ್ ಕಟ್ಟಿ ನೋಡುವ ಜಾಗಗಳುಂಟು. ಅಲ್ಲಿ ತಪ್ಪು ಮಾಡಿದರೆ ಬಲ್ಬಿನ ಚಿತ್ರ ಸುಡುತ್ತದೆ, ನಿಮ್ಮ ಬೆರಳಲ್ಲ. ಮೊದಲು ಕಲಿಯುವವರು ಅಲ್ಲೇ ಶುರು ಮಾಡಿ, ನಾನು ಎಲ್ಲರಿಗೂ ಹೇಳುವುದು ಅದನ್ನೇ. ಬೇರೆಯವರು ಬರೆದಿಟ್ಟ ಪ್ರೋಗ್ರಾಂ ಧರ್ಮಕ್ಕೆ ಸಿಗುತ್ತದೆ. ಚಿಪ್ ಮಾಡಿದವರೇ ಹಾಕಿದ ವಿವರದ ಕಾಗದಗಳು ಸಿಗುತ್ತವೆ. ಅದನ್ನು ಓದುವುದೆಂದರೆ ಜಾಗದ ಹಳೆಯ ದಸ್ತಾವೇಜು ಓದಿದ ಹಾಗೆ, ಆದರೆ ನನಗೆ ಅದೇ ಹೊಟ್ಟೆಪಾಡು, ರೂಢಿ ಉಂಟು. ಮತ್ತೆ ಚರ್ಚೆಯ ತಾಣಗಳು. ನೋಡಲಿಕ್ಕೆ ಒಂದಿಷ್ಟೂ ಚಂದವಿಲ್ಲ. ಬೂದು ಬಣ್ಣ, ಚಿಕ್ಕ ಅಕ್ಷರ, ಫೋಟೋ ಇಲ್ಲ. ಯಾರೋ ಎಂದೋ ಕೇಳಿದ ಪ್ರಶ್ನೆ, ಯಾರೋ ಸಿಟ್ಟಿನಲ್ಲಿ ಕೊಟ್ಟ ಉತ್ತರ, ಆ ಉತ್ತರಕ್ಕೆ ಮೂರನೆಯವನ ತಕರಾರು. ನನಗೆ ಅಲ್ಲಿ ಓದುತ್ತಾ ಕೂರುವುದೆಂದರೆ ಮದುವೆ ಹಾಲಿನಲ್ಲಿ ಹಿಂದಿನ ಸಾಲಿನಲ್ಲಿ ಕೂತ ಹಾಗೆ. ನಿಜ ವಿಷಯ ಎಲ್ಲ ಅಲ್ಲೇ ಕಿವಿಗೆ ಬೀಳುವುದು.

ಇದೇ ಚಟವನ್ನು ನನ್ನ ತಮ್ಮ ಉಮೇಶನಿಗೂ ಹತ್ತಿಸಿದೆ. ಅವನ ಮನೆ ಕಾಪುವಿನಲ್ಲಿ, ಸಮುದ್ರದ ಕಡೆಗೆ ಹೋಗುವ ರಸ್ತೆಯಲ್ಲಿ. ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ಕೆಲಸ. ಅವನಿಗೆ ಓದುವುದೆಂದರೆ ಅಲರ್ಜಿ. ಅವನದ್ದು ವಿಡಿಯೋ ಮಾತ್ರ, ಅದೂ ಓಡಿಸಿ ಓಡಿಸಿ ನೋಡುವುದು.

"ಪೂರಾ ನೋಡು ಮಾರಾಯ, ಕೊನೆಗೆ ಎಂತದೋ ಹೇಳ್ತಾನೆ ಅವನು."

"ಕೊನೆಗೆ ಸಬ್‌ಸ್ಕ್ರೈಬ್ ಮಾಡಿ ಅಂತ ಹೇಳುದು ಅಕ್ಕ. ಅದಕ್ಕೆ ಎಂತ ಕೂತು ನೋಡುದು?"

"ಕೆಳಗೆ ಜನ ಬರೆದದ್ದಾದ್ರೂ ಓದು."

"ನೀನು ಓದು. ನಾನು ಮಾಡ್ತೇನೆ. ನಮ್ಮಿಬ್ಬರಲ್ಲಿ ಒಬ್ಬರಿಗಾದ್ರೂ ಕೆಲಸ ಆಗ್ಬೇಕಲ್ಲ."

ಹೀಗೆ ನಮ್ಮ ಜಗಳ. (ತುಳುವಿನಲ್ಲಿ ಆದ ಜಗಳ, ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ. ತುಳುವಿನಲ್ಲಿ ಇನ್ನೂ ಖಾರ ಇತ್ತು.) ಸತ್ಯ ಹೇಳಬೇಕೆಂದರೆ ಅವನ ಕೈ ನನಗಿಂತ ಚುರುಕು. ನನ್ನ ಬೆಸುಗೆ ಅಪ್ಪದ ಹಿಟ್ಟು ಚೆಲ್ಲಿದ ಹಾಗೆ. ಅವನದ್ದು ಅಕ್ಕಸಾಲಿಗರ ಕೆಲಸ.

ಒಂದು ವರ್ಷ ಬೇಸಗೆಯಲ್ಲಿ ಅವನು ನೀರಿನ ಟ್ಯಾಂಕಿಗೆ ಒಂದು ಯಂತ್ರ ಮಾಡಿದ. ಟ್ಯಾಂಕಿನ ಮುಚ್ಚಳದಲ್ಲಿ ನೀರು ಎಷ್ಟುಂಟು ಎಂದು ನೋಡುವ ಒಂದು ಸೆನ್ಸರ್. ಅಡಿಗೆಮನೆಯ ಗೋಡೆಯಲ್ಲಿ ಬೋರ್ಡಿನ ಪೆಟ್ಟಿಗೆ. ಟ್ಯಾಂಕ್ ಖಾಲಿಯಾದರೆ ಬಾವಿಯ ಮೋಟಾರ್ ಹಾಕು, ತುಂಬಿದರೆ ತೆಗೆ. ಅವನ ಹೆಂಡತಿ ಮಮತಾ ನನಗೆ ಫೋನ್ ಮಾಡಿ ಹೊಗಳಿದ್ದೇ ಹೊಗಳಿದ್ದು. ಟ್ಯಾಂಕ್ ತುಂಬಿ ಚೆಲ್ಲುವ ಸದ್ದಿಗೆ ಒಲೆಯ ಮೇಲಿನದ್ದು ಬಿಟ್ಟು ಓಡುವ ಕೆಲಸ ತಪ್ಪಿತಲ್ಲ. ಉಮೇಶ ನನಗೆ ಕಳಿಸಿದ್ದು ಪೆಟ್ಟಿಗೆಯ ಮೇಲೆ ಅಕ್ಷರ ಮಿನುಗುವ ಚಿಕ್ಕ ವಿಡಿಯೋ ಮಾತ್ರ. ಒಳಗಿನ ವಯರಿಂಗ್ ನಾನು ನೋಡಿರಲಿಲ್ಲ.

ಈಗ ಆ ಕಡೆಯ ಒಂದು ರೂಢಿ ಹೇಳಬೇಕು. ಮಳೆಗಾಲಕ್ಕೆ ಮೊದಲು ಲೈನಿಗೆ ತಾಗುವ ಮರದ ಗೆಲ್ಲು ಕಡಿಯಲಿಕ್ಕೆ ಹಗಲಿಡೀ ಕರೆಂಟ್ ತೆಗೆಯುತ್ತಾರೆ. ಇಂಥ ದಿನ, ಇಂಥಿಂಥ ಊರು ಎಂದು ಪೇಪರಿನಲ್ಲಿ ಬರುತ್ತದೆ. ಬೇರೆ ಊರಿನವರು ಅದನ್ನು ಓದಿ ಬೈಯುತ್ತಾರೆ. ಉಮೇಶನ ಓಣಿಯವರು ಅದನ್ನು ಓದಿ ಹಗ್ಗ ಹುಡುಕುತ್ತಾರೆ. ಯಾಕೆಂದರೆ ಬಾವಿ ಕ್ಲೀನ್ ಮಾಡುವುದು ಅದೇ ದಿನ. ಬಾವಿಯಲ್ಲಿ ನೀರು ತಳ ಸೇರಿರುತ್ತದೆ, ಕೆಸರು ಎತ್ತಲಿಕ್ಕೆ ಸುಲಭ. ನೀರಿನೊಳಗೆ ಮೋಟಾರ್ ಕೂತಿರುತ್ತದೆ. ಕರೆಂಟೇ ಇಲ್ಲದ ಮೇಲೆ ಭಯವಿಲ್ಲ. ಅಕಸ್ಮಾತ್ ಕರೆಂಟ್ ಬೇಗ ಬಂದರೂ ಪರವಾಗಿಲ್ಲ, ಯಾಕೆಂದರೆ ಮೋಟಾರಿಗೆ ಸ್ಟಾರ್ಟರ್ ಪೆಟ್ಟಿಗೆ ಉಂಟು. ಕರೆಂಟ್ ಹೋದ ಕೂಡಲೇ ಅದು ಬಿಟ್ಟುಕೊಳ್ಳುತ್ತದೆ. ಪುನಃ ಯಾರಾದರೂ ಹೋಗಿ ಹಸಿರು ಬಟನ್ ಒತ್ತುವವರೆಗೆ ಮೋಟಾರ್ ತಿರುಗುವುದಿಲ್ಲ. ನಮ್ಮ ಅಪ್ಪ ಹಾಗೇ ಇಳಿಯುತ್ತಿದ್ದರು. ಅಚ್ಚುಕಟ್ಟಾದ ರೂಢಿ, ನಾನು ತಪ್ಪು ಹೇಳುವುದಿಲ್ಲ.

ಅವತ್ತು ಆಫೀಸಿನಲ್ಲಿ ಊಟದ ಡಬ್ಬಿ ತೆರೆದು ಕೂತಿದ್ದೆ. ಉಮೇಶನ ಮೆಸೇಜ್ ಬಂತು. ಒಂದು ಫೋಟೋ. ಮೋಟಾರಿನ ಶೆಡ್ಡಿನ ಗೋಡೆ, ಅದರ ಮೇಲೆ ನೇರ ಹೊಡೆದ ವಯರು, ಸಾಲು ಒಂದಿಷ್ಟೂ ಓರೆಯಿಲ್ಲ. ಕೆಳಗೆ ಬರೆದಿದ್ದ: "ನೋಡು ನನ್ನ ಫಿನಿಶಿಂಗ್. ನಿನಗೆ ಏಳು ಜನ್ಮದಲ್ಲಿ ಬರ್ಲಿಕ್ಕಿಲ್ಲ." ನಾನು ನಗುತ್ತಾ ಫೋಟೋ ದೊಡ್ಡ ಮಾಡಿದೆ. ಬೈಯಲಿಕ್ಕೆ ಏನಾದರೂ ಸಿಗುತ್ತದಾ ಎಂದು ಹುಡುಕುತ್ತಿದ್ದೆ.

ಫೋಟೋದ ಮೂಲೆಯಲ್ಲಿ, ನೆಲದ ಮೇಲೆ, ಒಂದು ಹಳೆಯ ಪೆಟ್ಟಿಗೆ ಬಿದ್ದುಕೊಂಡಿತ್ತು. ಹಸಿರು ಬಟನ್, ಕೆಂಪು ಬಟನ್. ಸ್ಟಾರ್ಟರ್. ಅವನು ಅದನ್ನು ಕಿತ್ತು ಬದಿಗಿಟ್ಟಿದ್ದ. ಬೋರ್ಡಿನಿಂದ ಮೋಟಾರಿಗೆ ನೇರ.

ತಪ್ಪು ಎಂದೂ ಹೇಳಲಿಕ್ಕಾಗುವುದಿಲ್ಲ. ಅವನು ನೋಡಿದ ವಿಡಿಯೋದಲ್ಲಿ ಸ್ಟಾರ್ಟರ್ ಇರಲೇ ಇಲ್ಲ. ಅದು ಯಾವುದೋ ದೇಶದ ಮನುಷ್ಯ ತನ್ನ ಹೂವಿನ ತೋಟಕ್ಕೆ ಮಾಡಿಕೊಂಡದ್ದು. ಅವನ ಮನೆಯಲ್ಲಿ ಬಾವಿ ಇಲ್ಲ. ಬಾವಿಗೆ ಇಳಿಯುವ ತಮ್ಮಂದಿರೂ ಇಲ್ಲ.

ಇನ್ನೊಂದು ಮೆಸೇಜ್ ಬಂತು. "ಇವತ್ತು ಲೈನ್ ಆಫ್. ಬಾವಿಗೆ ಇಳೀತಿದ್ದೇನೆ. ಸಂಜೆ ಫೋನ್ ಮಾಡ್ತೇನೆ."

ನೀವು ನಂಬುತ್ತೀರೋ ಇಲ್ಲವೋ, ಆ ಕ್ಷಣದಲ್ಲಿ ನನಗೆ ಮೊದಲು ನೆನಪಾದದ್ದು ಉಮೇಶನಲ್ಲ. ಆ ಬೂದು ಬಣ್ಣದ ಚರ್ಚೆಯ ತಾಣದಲ್ಲಿ ಓದಿದ್ದ ಒಬ್ಬ ಬಡಗಿ. ಯಾವ ದೇಶದವನೋ. ಮರ ಕೊಯ್ಯುವ ಗರಗಸಕ್ಕೆ ಇಂಥದ್ದೇ ಬೋರ್ಡ್ ಹಾಕಿಕೊಂಡಿದ್ದ. ಕರೆಂಟ್ ಹೋದಾಗ ಅದರ ಹಲ್ಲಿನ ನಡುವೆ ಸಿಕ್ಕಿದ ಚೂರು ತೆಗೆಯಲಿಕ್ಕೆ ಕೈ ಹಾಕಿದ್ದ. ಕರೆಂಟ್ ಬಂತು. ಆಮೇಲಿನದ್ದನ್ನು ಅವನು ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ ಎಂದು ಬರೆದಿದ್ದ. ಅಲ್ಲಿ ಜನ ಅವನ ಹತ್ತಿರ ಪ್ರೋಗ್ರಾಂ ಕೇಳಿ ಪಡೆದು, ಸಾಲು ಸಾಲು ನೋಡಿದರು. ಒಂದು ತಪ್ಪೂ ಸಿಗಲಿಲ್ಲ. ನಾನು ಅದನ್ನು ಬೇರೇನೋ ಹುಡುಕುವಾಗ ಓದಿದ್ದೆ, ಅಯ್ಯೋ ಪಾಪ ಎಂದು ಮುಂದೆ ಹೋಗಿದ್ದೆ.

ಉಮೇಶನಿಗೆ ಫೋನ್ ಮಾಡಿದೆ. ಅದು ರಿಂಗ್ ಆಗುತ್ತಾ ಆಗುತ್ತಾ ನಿಂತಿತು. ಬಾವಿಗೆ ಇಳಿಯುವವನು ಫೋನ್ ಕಿಸೆಯಲ್ಲಿ ಇಟ್ಟುಕೊಳ್ಳುತ್ತಾನಾ? ಮಮತಾಳಿಗೆ ಮಾಡಿದೆ. ಅದೂ ಹಾಗೆ. ಕರೆಂಟ್ ಆಫೀಸಿಗೆ ಮಾಡಿದೆ, ಇನ್ನು ಸ್ವಲ್ಪ ಹೊತ್ತು ಲೈನ್ ಕೊಡಬೇಡಿ ಎಂದು ಕೈ ಮುಗಿದು ಕೇಳುವ ಅಂತ. ಎಂಗೇಜ್. ಲೈನ್ ಆಫ್ ಇರುವ ದಿನ ಊರಿಡೀ ಜನ ಅವರಿಗೆ ಫೋನ್ ಮಾಡುತ್ತಾರೆ, ಯಾವಾಗ ಕೊಡುತ್ತೀರಿ ಎಂದು. ಕೊಡಬೇಡಿ ಎನ್ನಲಿಕ್ಕೆ ನಾನೊಬ್ಬಳೇ.

ಡಬ್ಬಿ ತೆರೆದದ್ದು ಹಾಗೇ ಬಿಟ್ಟು ಇಳಿದೆ.

ಬನ್ನಂಜೆಯಿಂದ ಕಾಪುವಿಗೆ ಹೈವೇ. ಎಷ್ಟು ಸಲ ಹೋದ ದಾರಿ. ಅವತ್ತು ನಾನು ರಸ್ತೆ ನೋಡಿದ್ದೇ ಇಲ್ಲ ಎನ್ನಬೇಕು, ಬದಿಯ ಅಂಗಡಿಗಳನ್ನು ನೋಡುತ್ತಾ ಹೋದೆ. ಲೈಟ್ ಉರಿಯುತ್ತಿದೆಯಾ? ಫ್ಯಾನ್ ತಿರುಗುತ್ತಿದೆಯಾ? ಉದ್ಯಾವರ ದಾಟಿದ ಮೇಲೆ ಕಟಪಾಡಿಯಲ್ಲಿ ಒಂದು ಬೇಕರಿಯ ಬೋರ್ಡು ಹಗಲಲ್ಲೂ ಝಗಝಗ ಉರಿಯುತ್ತಿತ್ತು. ಸ್ಕೂಟರ್ ನಿಲ್ಲಿಸಿ ಅಲ್ಲಿಂದಲೇ ಕೂಗಿದೆ.

"ಕರೆಂಟ್ ಯಾವಾಗ ಬಂತು?"

ಬೇಕರಿಯವರು ಪಫ್ಸ್ ಕಟ್ಟುತ್ತಾ, "ಹೋದದ್ದು ಯಾವಾಗ ಇಲ್ಲಿ?" ಎಂದರು.

"ಕಾಪುವಿಗೆ ಬಂದಿದೆಯಾ?"

"ಅದು ಬೇರೆ ಲೈನ್ ಅಕ್ಕ. ಎಂತ ಅರ್ಜೆಂಟ್, ಅಲ್ಲಿ ಐಸ್‌ಕ್ರೀಮಿನ ಅಂಗಡಿ ಇಟ್ಟಿದ್ದೀರಾ?"

ಪಕ್ಕದಲ್ಲಿ ನಿಂತವರು ನಕ್ಕರು. ನಾನೂ ನಕ್ಕೆ ಎಂದು ನೆನಪು. ಭಯವಾದಾಗ ಮುಖ ತನ್ನಷ್ಟಕ್ಕೆ ಏನಾದರೂ ಮಾಡುತ್ತದೆ. ಅಲ್ಲಿಂದ ಮುಂದೆ ನಾನು ಬಾಯಿ ಬಿಟ್ಟು ಮಾತಾಡುತ್ತಾ ಹೋದೆ, ಹೆಲ್ಮೆಟ್ಟಿನೊಳಗೆ. ಬರಬೇಡ, ಬರಬೇಡ, ಸ್ವಲ್ಪ ತಡಿ. ದೇವರಿಗೆ ಹೇಳುತ್ತಿದ್ದೆನಾ, ಲೈನ್‌ಮನ್‌ಗೆ ಹೇಳುತ್ತಿದ್ದೆನಾ, ಗೊತ್ತಿಲ್ಲ. ಆ ಹೊತ್ತಿಗೆ ಇಬ್ಬರೂ ಒಂದೇ ಆಗಿದ್ದರು.

ಕಾಪು ಮುಟ್ಟುವಾಗ ಅಂಗಡಿಗಳೊಳಗೆ ಕತ್ತಲೆ. ಅಂಥ ಚಂದದ ಕತ್ತಲೆ ನಾನು ನೋಡಿದ್ದಿಲ್ಲ.

ಅಂಗಳದಲ್ಲಿ ಮಮತಾ ಒಗೆದ ಬಟ್ಟೆ ಹರಡುತ್ತಿದ್ದಳು. ಬಾವಿ ಕಟ್ಟೆಯಲ್ಲಿ ಪಕ್ಕದ ಮನೆಯ ಫೆಲಿಕ್ಸ್ ನಿಂತು ಹಗ್ಗದಲ್ಲಿ ಕೆಸರಿನ ಬಕೆಟ್ ಎಳೆಯುತ್ತಿದ್ದ. ಒಳಗಿನಿಂದ ಉಮೇಶನ ಧ್ವನಿ, ಬಾವಿಯೊಳಗೆ ದೊಡ್ಡದಾಗಿ ಕೇಳುತ್ತಿತ್ತು: "ಫೆಲಿಕ್ಸ್, ಎಳೀತೀಯಾ ಅಲ್ಲ ಪ್ರಾರ್ಥನೆ ಮಾಡ್ತಾ ಇದ್ದೀಯಾ?"

ಬದುಕಿದ್ದಾನೆ.

"ಅತ್ತಿಗೆ, ಇದೆಂತ ಈ ಹೊತ್ತಿಗೆ!" ಎಂದಳು ಮಮತಾ. "ಕೂತ್ಕೊಳ್ಳಿ, ಕೈಕಾಲು ತೊಳೀಲಿಕ್ಕೆ ನಳ್ಳಿಯಲ್ಲಿ ನೀರಿಲ್ಲ ಆಯ್ತಾ, ಬಟ್ಟೆ ಒಗ್ದು ಟ್ಯಾಂಕ್ ಖಾಲಿ. ಕರೆಂಟ್ ಬಂದ ಕೂಡ್ಲೇ ಅದೇ ತುಂಬಿಸ್ತದೆ, ನಾವು ಎಂತದೂ ಮಾಡ್ಲಿಕ್ಕಿಲ್ಲ."

ಅವಳು ಎಷ್ಟು ಖುಷಿಯಲ್ಲಿ ಹೇಳಿದಳು ಅದನ್ನು.

ನಾನು ಚಪ್ಪಲಿ ಹಾಕಿಕೊಂಡೇ ಒಳಗೆ ಓಡಿದೆ. ಮೀಟರ್ ಬೋರ್ಡು ಅಡಿಗೆಮನೆಯ ಬಾಗಿಲ ಹಿಂದೆ. ಅದರ ಪಕ್ಕದಲ್ಲೇ ಉಮೇಶ ಮಾಡಿದ ಪೆಟ್ಟಿಗೆ. ಮನೆಯಲ್ಲಿ ಕರೆಂಟ್ ಇಲ್ಲ, ಆದರೆ ಪೆಟ್ಟಿಗೆಯ ಅಕ್ಷರ ಉರಿಯುತ್ತಿತ್ತು. ಬೋರ್ಡು ಆಗಾಗ ನಿಂತು ಶುರುವಾಗಬಾರದು ಎಂದು ಅವನು ಅದನ್ನು ಇನ್ವರ್ಟರ್ ಲೈನಿಗೆ ಕೊಟ್ಟಿದ್ದ. ಹಾಗಾಗಿ ಅದಕ್ಕೆ ಕರೆಂಟ್ ಹೋದದ್ದೇ ಗೊತ್ತಿಲ್ಲ. ಪರದೆಯ ಮೇಲೆ ಎರಡು ಸಾಲು ಇಂಗ್ಲಿಷಿನಲ್ಲಿ. ಟ್ಯಾಂಕ್ ಖಾಲಿ. ಮೋಟಾರ್ ಆನ್.

ಆನ್. ಅದು ತನ್ನ ಕೆಲಸ ಮುಗಿಸಿ ಆಗಿತ್ತು. ಆನ್ ಮಾಡಿಟ್ಟು ಕಾಯುತ್ತಿತ್ತು. ಮಮತಾ ಎಷ್ಟು ಸಲ ಆ ಬಾಗಿಲಿನಲ್ಲಿ ಆಚೀಚೆ ಹೋಗಿರಬಹುದು.

ಮೀಟರ್ ಬೋರ್ಡಿನಲ್ಲಿ ಬಿಳಿ ಪಿಂಗಾಣಿಯ ಮೂರು ಫ್ಯೂಸು. ಮೋಟಾರಿನದ್ದು ಯಾವುದು? ಯಾವುದರ ಮೇಲೂ ಏನೂ ಬರೆದಿಲ್ಲ. ಮೂರನ್ನೂ ಎಳೆದೆ. ಒಂದು ಬಿಗಿಯಾಗಿ ಕೂತಿತ್ತು. ಆಚೀಚೆ ಅಲ್ಲಾಡಿಸಿ ಕೀಳುವಾಗ ನನಗೆ ಇನ್ನೊಂದು ಹೆದರಿಕೆ, ನಾನು ಇದನ್ನು ಹಿಡಿದಿರುವಾಗಲೇ ಬಂದರೆ? ಬಂತು ಕೈಗೆ. ಮೂರನ್ನೂ ಹಿಡಿದುಕೊಂಡು ಬಾವಿ ಕಟ್ಟೆಗೆ ಬಂದೆ. ಹಿಂದೆ ಅಡಿಗೆಮನೆಯಲ್ಲಿ ಪೆಟ್ಟಿಗೆ ಇನ್ನೂ ಆನ್ ಎನ್ನುತ್ತಲೇ ಇತ್ತು.

ಬಗ್ಗಿ ನೋಡಿದೆ. ಉಮೇಶ ಸೊಂಟದವರೆಗೆ ನೀರಿನಲ್ಲಿ. ಮೋಟಾರನ್ನು ಬದಿಗೆ ಸರಿಸಿ ಅದರ ಅಡಿಯ ಕೆಸರು ತೆಗೆಯುತ್ತಿದ್ದ. ಒಂದು ಕೈ ಮೋಟಾರಿನ ಮೇಲೆ, ಹೆಗಲ ಮೇಲೆ ಅದರ ಕೇಬಲ್. ಕೇಬಲಿನ ಜಾಯಿಂಟಿಗೆ ಕಳೆದ ಮಳೆಗಾಲದಲ್ಲಿ ಸುತ್ತಿದ ಟೇಪು, ತುದಿ ಬಿಟ್ಟುಕೊಂಡು ನೀರಿನಲ್ಲಿ ತೇಲುತ್ತಿತ್ತು.

"ಉಮೇಶಾ, ಮೇಲೆ ಬಾ."

"ಅಕ್ಕಾ? ನೀನು ಎಂತ ಇಲ್ಲಿ?"

"ಬಾ ಅಂದೆ ಅಲ್ವಾ. ಮತ್ತೆ ಹೇಳ್ತೇನೆ."

"ಇನ್ನು ಸ್ವಲ್ಪ ಉಂಟು ಮಾರಾಯ್ತಿ, ಒಂದೆರಡು ಬಕೆಟ್. ಕರೆಂಟ್ ಇಲ್ಲ, ಎಂತ ಹೆದರಿಕೆ ನಿಂಗೆ? ಸಂಜೆವರೆಗೆ ಬರ್ಲಿಕ್ಕಿಲ್ಲ."

"ನಿನ್ನ ಸ್ಟಾರ್ಟರ್ ಎಲ್ಲಿ?"

"ಅದು ಯಾಕೆ ಈಗ? ಅದು ಬೇಡ ಅಂತ ತೆಗ್ದಾಯ್ತು. ಫೋಟೋ ನೋಡ್ಲಿಲ್ವಾ ನೀನು?"

ನೋಡಿದ್ದಕ್ಕೇ ಬಂದದ್ದು ಎನ್ನಲಿಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಕಾಂಪೌಂಡಿನ ಆಚೆ, ಫೆಲಿಕ್ಸನ ಮನೆಯಲ್ಲಿ, ಗರಗರ ಎಂದು ಏನೋ ತಿರುಗಲಿಕ್ಕೆ ಶುರುವಾಯಿತು.

ಗ್ರೈಂಡರ್. ಅವನ ಹೆಂಡತಿ ಬೆಳಿಗ್ಗೆ ಅಕ್ಕಿ ಹಾಕಿ ತಿರುಗಿಸುವಾಗ ಕರೆಂಟ್ ಹೋಗಿತ್ತು. ಸ್ವಿಚ್ ಆಫ್ ಮಾಡಲಿಕ್ಕೆ ಯಾರಿಗೂ ನೆನಪಾಗಿರಲಿಲ್ಲ. ಈಗ ಅದು ಯಾರೂ ಇಲ್ಲದ ಅಡಿಗೆಮನೆಯಲ್ಲಿ ತನ್ನಷ್ಟಕ್ಕೆ ತಿರುಗುತ್ತಿತ್ತು.

ಫೆಲಿಕ್ಸ್ ಹಗ್ಗ ಹಿಡಿದುಕೊಂಡು ತನ್ನ ಮನೆಯ ಕಡೆ ನೋಡಿದ. ಆಮೇಲೆ ನನ್ನ ಕೈ ನೋಡಿದ. ನಾನೂ ನೋಡಿದೆ. ಮೂರು ಫ್ಯೂಸುಗಳನ್ನು ನಾನು ಎದೆಗೆ ಒತ್ತಿ ಹಿಡಿದಿದ್ದೆ, ಮಗುವನ್ನು ಹಿಡಿದ ಹಾಗೆ. ಅದರ ತಾಮ್ರದ ಅಂಚು ಅಂಗೈಗೆ ನೆಟ್ಟಿತ್ತು.

ಬಾವಿಯೊಳಗಿನಿಂದ ಉಮೇಶ ಕೇಳಿದ, "ಎಂತ ಸದ್ದು ಅದು? ಕರೆಂಟ್ ಬಂತಾ?"

ಫೆಲಿಕ್ಸನೇ ಹೇಳಿದ. "ಬಂತು."

ಒಳಗೆ ನೀರಿನ ಸದ್ದು ನಿಂತಿತು. ನಾನು ಬಗ್ಗಿ ನೋಡಿದಾಗ ಅವನು ಮೇಲೆ ನೋಡುತ್ತಿರಲಿಲ್ಲ. ತನ್ನ ಕೈಯನ್ನು ನೋಡುತ್ತಿದ್ದ, ಮೋಟಾರಿನ ಮೇಲಿದ್ದ ಕೈ. ತೆಗೆಯಲಿಕ್ಕೂ ಹೆದರಿಕೆ, ಇಡಲಿಕ್ಕೂ ಹೆದರಿಕೆ. ವಿಡಿಯೋ ನೋಡುವವನು ಎಂದು ನಾನು ಎಷ್ಟು ಗೇಲಿ ಮಾಡಿದರೂ, ತಾನು ಕಟ್ಟಿದ ಸರ್ಕಿಟ್ ಅವನಿಗೆ ಬಾಯಿಪಾಠ. ಯಾವ ವಯರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಅವನು ಅಲ್ಲೇ ನಿಂತು ಮನಸ್ಸಿನಲ್ಲಿ ಓಡಿಸುತ್ತಿದ್ದ. ಅದು ಮೋಟಾರಿನವರೆಗೆ ಬಂದು ಮುಟ್ಟಿದ್ದು ಅವನ ಹೆಗಲು ಕುಸಿದಾಗ ನನಗೆ ಗೊತ್ತಾಯಿತು.

"ಫ್ಯೂಸ್ ನನ್ನ ಕೈಯಲ್ಲಿ ಉಂಟು," ಎಂದೆ. "ಮೂರೂ ಉಂಟು. ಬಾ."

ಹಗ್ಗ ಹಿಡಿದು, ಕಲ್ಲಿನ ಸಂದಿಗೆ ಕಾಲಿಟ್ಟು ಮೇಲೆ ಬಂದ. ಪ್ರತಿ ಬೇಸಗೆಯಲ್ಲೂ ಮಂಗನ ಹಾಗೆ ಹತ್ತುವವನು ಅವತ್ತು ಮುದುಕನ ಹಾಗೆ ಹತ್ತಿದ. ಕಟ್ಟೆಯ ಮೇಲೆ ಕೂತ. ಮಮತಾಳಿಗೆ ಇನ್ನೂ ವಿಷಯ ಅರ್ಥವಾಗಿರಲಿಲ್ಲ. "ಅಯ್ಯೋ ಅತ್ತಿಗೆ, ಕರೆಂಟ್ ಬಂದದ್ದಲ್ವಾ? ನಮಗೆ ಯಾಕೆ ಬರ್ಲಿಲ್ಲ, ಫ್ರಿಜ್ಜೂ ಶುರುವಾಗ್ಲಿಲ್ಲ" ಎನ್ನುತ್ತಿದ್ದಳು. ಆಮೇಲೆ ಅವಳ ಕಣ್ಣು ಫ್ಯೂಸಿಗೆ ಬಿತ್ತು, ಅಲ್ಲಿಂದ ಅವನ ಒದ್ದೆ ಲುಂಗಿಗೆ, ಅಲ್ಲಿಂದ ಬಾವಿಗೆ. ಬಕೆಟಿನಲ್ಲಿದ್ದ ಒಂದು ಬಟ್ಟೆ ಎತ್ತಿ ಅವನ ಬೆನ್ನಿಗೆ ಹೊಡೆದಳು. ಒಂದು ಸಲ ಅಲ್ಲ. ಹೊಡೆಯುತ್ತಾ ಅಳುತ್ತಾ, "ನನಗೆ ನೀರು ಚೆಲ್ಲಿದ್ರೆ ಚೆಲ್ಲಲಿ, ಚೆಲ್ಲಲಿ" ಎನ್ನುತ್ತಿದ್ದಳು. ಅವನು ಹೊಡೆಸಿಕೊಂಡ. ಫೆಲಿಕ್ಸ್, "ನಾನು ಗ್ರೈಂಡರ್ ನಿಲ್ಲಿಸಿ ಬರ್ತೇನೆ" ಎಂದು ಹೋದವನು ಬಹಳ ಹೊತ್ತು ಬರಲಿಲ್ಲ.

ಸಂಜೆ ಚಾ ಕುಡಿಯುವಾಗ ಉಮೇಶ ಒಂದೇ ಮಾತು ಹೇಳಿದ. "ಪ್ರೋಗ್ರಾಂ ಸರಿಯೇ ಉಂಟು ಅಲ್ವಾ ಅಕ್ಕ."

"ಸರಿಯೇ ಉಂಟು," ಎಂದೆ.

"ಅದೇ ಹೆದರಿಕೆ."

ಮರುದಿನ ಸ್ಟಾರ್ಟರ್ ಪುನಃ ಗೋಡೆಗೆ ಹತ್ತಿತು. ಈಗ ಅವನ ಬೋರ್ಡು ಮೋಟಾರ್ ತೆಗೆಯುತ್ತದೆ, ಹಾಕುವುದಿಲ್ಲ. ಟ್ಯಾಂಕ್ ತುಂಬಿದರೆ ನಿಲ್ಲಿಸುವುದು ಅದರ ಕೆಲಸ. ಶುರು ಮಾಡಬೇಕೆಂದರೆ ಮನುಷ್ಯರು ಹೋಗಿ, ಬಾವಿಗೆ ಬಗ್ಗಿ ನೋಡಿ, ಹಸಿರು ಬಟನ್ ಒತ್ತಬೇಕು. ಬಾವಿಗೆ ಇಳಿಯುವ ದಿನ ಫ್ಯೂಸು ಮಮತಾಳ ಸೊಂಟದಲ್ಲಿ. ಉಮೇಶ ಈಗಲೂ ವಿಡಿಯೋ ಓಡಿಸಿಯೇ ನೋಡುತ್ತಾನೆ, ಆದರೆ ವಯರ್ ಜೋಡಿಸುವ ಮೊದಲೇ ನನಗೆ ಫೋಟೋ ಕಳಿಸುತ್ತಾನೆ. ಕೆಳಗೆ ಏನೂ ಬರೆಯುವುದಿಲ್ಲ, ಏಳು ಜನ್ಮದ ಸುದ್ದಿ ಎತ್ತುವುದೂ ಇಲ್ಲ. ಆ ಜಂಬ ನನಗ್ಯಾಕೋ ಬೇಕು ಅನಿಸುತ್ತದೆ ಒಮ್ಮೊಮ್ಮೆ.

ನಾನು ಮಾಡಿದ್ದು ಇನ್ನೊಂದು. ಆ ವಿಡಿಯೋ ಹುಡುಕಿ ತೆಗೆದು, ಅದರ ಕೆಳಗೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದೆ. ಬಾವಿ ಇರುವವರು ಇದನ್ನು ಹಾಗೇ ಮಾಡಬೇಡಿ, ಸ್ಟಾರ್ಟರ್ ತೆಗೆಯಬೇಡಿ, ಕರೆಂಟ್ ಇಲ್ಲ ಎಂದು ನಂಬಿ ಇಳಿಯಬೇಡಿ, ಫ್ಯೂಸ್ ಕಿತ್ತು ಕೈಯಲ್ಲಿ ಇಟ್ಟುಕೊಳ್ಳಿ. ವಿಡಿಯೋ ಮಾಡಿದವನು ಒಂದು ಹೆಬ್ಬೆರಳಿನ ಚಿತ್ರ ಹಾಕಿದ. ಇನ್ನೊಬ್ಬ, ಹೆಂಗಸರಿಗೆ ಯಾಕೆ ಈ ಉಸಾಬರಿ ಎಂದು ಬರೆದ. ಅವನಿಗೆ ಕೊಡಬೇಕಾದದ್ದನ್ನು ಕೊಟ್ಟೆ. ಆಮೇಲೆ ಆ ಕಡೆ ಹೋಗಲಿಲ್ಲ.

ಮೊನ್ನೆ ಆ ಬೆಸುಗೆಯ ವಾಸನೆ ಮೂಗಿಗೆ ಬಡಿಯಿತಲ್ಲ, ಮನೆಗೆ ಬಂದ ಮೇಲೆ ಯಾಕೋ ಆ ವಿಡಿಯೋ ಪುನಃ ತೆರೆದು ನೋಡಿದೆ. ನಾನು ಬರೆದದ್ದರ ಕೆಳಗೆ ಹೊಸದೊಂದು ಇತ್ತು, ಕನ್ನಡದಲ್ಲೇ. ಹೆಸರಿಲ್ಲ. ಮುಖದ ಜಾಗದಲ್ಲಿ ಗುಲಾಬಿ ಹೂ.

"ನಮ್ಮಲ್ಲಿಯೂ ಇದೇ ಉಂಟು, ಸ್ಟಾರ್ಟರ್ ತೆಗೆದಿದ್ದಾರೆ. ನಾಳೆ ಲೈನ್ ಆಫ್ ಅಂತೆ, ಇವರು ಬಾವಿಗೆ ಇಳೀತಾರಂತೆ. ಹೇಳಿದ್ರೆ ಕೇಳುದಿಲ್ಲ. ಮೂರು ಫ್ಯೂಸಿನಲ್ಲಿ ಯಾವುದು ತೆಗೀಬೇಕು?"

ಅವಳು ಬರೆದದ್ದು ನಾನು ನೋಡುವ ಹೊತ್ತಿಗೆ ಹಳತಾಗಿತ್ತು. ಆ ನಾಳೆ ಬಂದು ಹೋಗಿತ್ತು.

ಎಲ್ಲ ತೆಗೀರಿ, ಯಾವುದೂ ಬಿಡಬೇಡಿ ಎಂದು ಬರೆದೆ. ನಮ್ಮಲ್ಲಿ ನಡೆದದ್ದನ್ನು ಬರೆದೆ. ಎಲ್ಲರೂ ಹುಷಾರಾಗಿದ್ದೀರಾ ಎಂದು ಬರೆದೆ. ಉತ್ತರ ಬಂದಿಲ್ಲ. ಆಫೀಸಿನಲ್ಲಿ ಕಾಗದ ಓದುವಾಗ ನಡುವೆ ಒಂದು ಸಲ ತೆರೆಯುತ್ತೇನೆ, ಸಂಜೆ ತೆರೆಯುತ್ತೇನೆ. ಜನ ನೋಡಿ ಮರೆತುಬಿಡುತ್ತಾರೆ, ಎಲ್ಲ ಸರಿಯಾದ ಮೇಲೆ ಉತ್ತರ ಕೊಡುವವರು ಯಾರು, ಎಂದು ಗಂಡ ಹೇಳುತ್ತಾರೆ. ಅದೂ ನಿಜ ಇರಬಹುದು. ಇರಲಿ ಎಂದು ಬೇಡುತ್ತೇನೆ.

ಹಾಗಾಗಿ ನಿಮ್ಮ ಹತ್ತಿರ ಕೇಳುವುದು ಇಷ್ಟೇ. ನಿಮ್ಮ ಮನೆಯಲ್ಲಿ ತಾನಾಗಿ ಶುರುವಾಗುವಂಥದ್ದು ಏನಾದರೂ ಉಂಟಾ? ಅದರಿಂದ ತಪ್ಪಿಸಿಕೊಂಡದ್ದುಂಟಾ, ತಪ್ಪಿಸಿಕೊಳ್ಳಲಿಕ್ಕೆ ಆಗದೇ ಹೋದದ್ದುಂಟಾ? ಕೆಳಗೆ ಬರೆಯಿರಿ, ನಾಚಿಕೆ ಬೇಡ. ನೀವು ಬರೆದದ್ದು ಯಾರ ಊಟದ ಹೊತ್ತಿನಲ್ಲಿ ಯಾರ ಕಣ್ಣಿಗೆ ಬೀಳುತ್ತದೋ. ಮತ್ತೆ ಗುಲಾಬಿ ಹೂವಿನವರೇ, ನೀವು ಇದನ್ನು ಓದುತ್ತಿದ್ದರೆ, ಉದ್ದ ಬರೆಯುವುದೇನೂ ಬೇಡ. ಇವರು ಮೇಲೆ ಬಂದರು ಎಂದು ಒಂದು ಸಾಲು ಹಾಕಿ. ಸಾಕು.